ಸರಕಾರದ ಖರ್ಚು ಯಾರಿಗಾಗಿ ಬೆಳೆಯಿತು?

ಸರಕಾರ ದುಂದುವೆಚ್ಚ ಮಾಡುತ್ತಿದೆ ಎಂಬ ದೂರನ್ನು ನಾವು ಸದಾ ಕೇಳುತ್ತಿರುತ್ತೇವೆ. ಆದರೆ ಅರ್ಥಶಾಸ್ತ್ರಜ್ಞರು 'ಸರಕಾರಿ ಅನುಭೋಗ ವೆಚ್ಚ' ಎಂದು ಕರೆಯುವುದು ಶಿಕ್ಷಕರು, ದಾದಿಯರು, ಪೊಲೀಸರು, ಸೈನಿಕರ ಸಂಬಳವನ್ನು ಮತ್ತು ಶಾಲೆ, ಆಸ್ಪತ್ರೆ, ಕಚೇರಿಗಳ ನಿತ್ಯದ ಖರ್ಚನ್ನು. ಸಾಲದ ಬಡ್ಡಿಯಾಗಲಿ, ಅಣೆಕಟ್ಟು ಕಟ್ಟುವ ಹಣವಾಗಲಿ ಇದರಲ್ಲಿ ಸೇರುವುದಿಲ್ಲ.

1950ರ ದಶಕದ ಆರಂಭದಲ್ಲಿ ಭಾರತದ ಒಟ್ಟು ದೇಶೀಯ ಉತ್ಪನ್ನದಲ್ಲಿ ಈ ವೆಚ್ಚದ ಪಾಲು ಸುಮಾರು ಶೇ. 6 ಇತ್ತು. 1962ರ ಚೀನಾ ಯುದ್ಧ ಲೆಕ್ಕಾಚಾರವನ್ನೇ ಬದಲಿಸಿತು. ಶೇ. 2ರ ಆಸುಪಾಸಿನಲ್ಲಿದ್ದ ರಕ್ಷಣಾ ವೆಚ್ಚ ಶೇ. 4ರ ಸಮೀಪಕ್ಕೆ ಏರಿತು. ಯುದ್ಧ ಮುಗಿದ ಮೇಲೂ ಅದು ದೀರ್ಘಕಾಲ ಹಳೆಯ ಮಟ್ಟಕ್ಕೆ ಇಳಿಯಲಿಲ್ಲ. ಇಲಾಖೆಗಳೂ ನೌಕರರೂ ಹೆಚ್ಚಿದಂತೆ, 1980ರ ದಶಕದ ಕೊನೆಯ ಹೊತ್ತಿಗೆ ಒಟ್ಟು ಅನುಭೋಗ ವೆಚ್ಚ ಶೇ. 12ರಷ್ಟಾಯಿತು.

1991ರ ಆರ್ಥಿಕ ಬಿಕ್ಕಟ್ಟಿನ ನಂತರ ಸರಕಾರಗಳು ಕೈ ಬಿಗಿ ಹಿಡಿದವು. 1997 ಮತ್ತು 2008ರಲ್ಲಿ ವೇತನ ಆಯೋಗಗಳ ಶಿಫಾರಸು ಜಾರಿಯಾದಾಗ ಪಾಲು ಮತ್ತೆ ಏರಿತು. ಬಳಿಕ ಅದು ಶೇ. 10-11ರ ಸುತ್ತ ನಿಂತಿದೆ. ಫ್ರಾನ್ಸಿನಲ್ಲಿ ಈ ಪಾಲು ಸುಮಾರು ಕಾಲುಭಾಗ.

ಹಾಗಾದರೆ ಏರಿಕೆಗೆ ಕಾರಣವಾದದ್ದು ಯಾವುದು? ಯುದ್ಧ ಮತ್ತು ವೇತನ ಪರಿಷ್ಕರಣೆಗೆ ಹಣ ಹೇಗೋ ಹೊಂದಿತು. ಶಿಕ್ಷಣಕ್ಕೆ ರಾಷ್ಟ್ರೀಯ ಆದಾಯದ ಶೇ. 6 ಮೀಸಲಿಡಬೇಕೆಂದು 1966ರಲ್ಲಿ ಕೊಠಾರಿ ಆಯೋಗ ಹೇಳಿದ್ದು ಇಂದಿಗೂ ಈಡೇರಿಲ್ಲ. ಉಳಿತಾಯದ ಹೆಸರಿನಲ್ಲಿ ಅನೇಕ ರಾಜ್ಯಗಳು ಕಾಯಂ ಶಿಕ್ಷಕರ ಬದಲು ಕಡಿಮೆ ಸಂಬಳದ ಗುತ್ತಿಗೆ ಶಿಕ್ಷಕರನ್ನು ನೇಮಿಸಿದವು. ಉಳ್ಳವರು ಖಾಸಗಿ ಶಾಲೆಗೆ ಹೋದರು. ಬಡವರ ಪಾಲಿಗೆ ಈ ವೆಚ್ಚವೇ ಶಾಲೆ, ಇದೇ ಆಸ್ಪತ್ರೆ. ಖರ್ಚು ತಗ್ಗಿಸಿರೆಂದು ಕೂಗುವ ಮುನ್ನ, ಯಾರ ಖರ್ಚನ್ನು ಎಂದು ನಾವು ಕೇಳಲೇಬೇಕು.