ಹಿಮದಲ್ಲಿ ಉಳಿದ ರೋಮ್‌ನ ಹೊಗೆ

ಮಾಲಿನ್ಯ ಎಂದ ಕೂಡಲೇ ನಮಗೆ ನೆನಪಾಗುವುದು ಕಾರ್ಖಾನೆ, ಟ್ರಾಫಿಕ್ಕು. ಇದು ಈಚಿನ ಇನ್ನೂರು ವರ್ಷಗಳ ಕಥೆ ಎಂದೇ ನಮ್ಮ ಎಣಿಕೆ. ಆದರೆ ಗ್ರೀನ್‌ಲ್ಯಾಂಡಿನ ಹಿಮವನ್ನು ಆಳಕ್ಕೆ ಕೊರೆದು ತೆಗೆದ ವಿಜ್ಞಾನಿಗಳಿಗೆ ಎರಡು ಸಾವಿರ ವರ್ಷ ಹಳೆಯ ಪದರಗಳಲ್ಲಿ ಸೀಸ ಸಿಕ್ಕಿತು. ಸಾವಿರಾರು ಕಿಲೋಮೀಟರ್ ಗಾಳಿಯಲ್ಲಿ ತೇಲಿ ಬಂದ ರೋಮನ್ ಸಾಮ್ರಾಜ್ಯದ ಹೊಗೆ ಅದು!

ಇದಕ್ಕೆ ಕಾರಣ ಬೆಳ್ಳಿ. ರೋಮನ್ ನಾಣ್ಯಕ್ಕೆ ಬೇಕಾದ ಬೆಳ್ಳಿ ಸೀಸದ ಅದಿರಿನಲ್ಲಿ ಬೆರೆತಿರುತ್ತಿತ್ತು. ಸ್ಪೇನ್ ಮುಂತಾದ ಕಡೆ ಅದಿರನ್ನು ಕುಲುಮೆಯಲ್ಲಿ ಕರಗಿಸುವಾಗ ಸೀಸ ಹೊಗೆಯಾಗಿ ಹಾರುತ್ತಿತ್ತು. ಗ್ರೀನ್‌ಲ್ಯಾಂಡಿನಲ್ಲಿ ಪ್ರತಿ ವರ್ಷದ ಹಿಮ ಹಿಂದಿನದನ್ನು ಮುಚ್ಚುತ್ತಾ ಹೋಗುತ್ತದೆ. ನಮ್ಮ ಐಟಿಯವರ ಮಾತಲ್ಲಿ ಹೇಳುವುದಾದರೆ, ಯಾರೂ ಡಿಲೀಟ್ ಮಾಡದ ಲಾಗ್ ಫೈಲ್. 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸಾಮ್ರಾಜ್ಯ ಶಾಂತವಾಗಿದ್ದಾಗ ಸೀಸ ಏರಿದೆ, ಯುದ್ಧ, ರೋಗಗಳ ಕಾಲದಲ್ಲಿ ಇಳಿದಿದೆ. ಕ್ರಿ.ಶ. 165ರಲ್ಲಿ ಶುರುವಾದ ಮಹಾಮಾರಿಯ ನಂತರವಂತೂ ಐನೂರು ವರ್ಷ ಮೇಲೇಳಲೇ ಇಲ್ಲ.

ಬೆಳ್ಳಿ ತೆಗೆದ ಮೇಲೆ ಉಳಿದ ಸೀಸ ಅಗ್ಗ, ಮೆದು, ಬಗ್ಗಿಸಲು ಸುಲಭ. ಹಾಗಾಗಿ ಅದು ನೀರಿನ ಪೈಪಾಯಿತು. ದಕ್ಷಿಣ ಫ್ರಾನ್ಸಿನ ನೀಮ್ ನಗರಕ್ಕೆ ರೋಮನ್ನರು ಸುಮಾರು 50 ಕಿ.ಮೀ. ದೂರದ ಕಾಲುವೆ ಕಟ್ಟಿ ನೀರು ತಂದರು. ಅಷ್ಟು ದೂರಕ್ಕೆ ಒಟ್ಟು ಇಳಿಜಾರು 13 ಮೀಟರಿಗೂ ಕಡಿಮೆ! ಪಂಪಿಲ್ಲ, ವಿದ್ಯುತ್ತಿಲ್ಲ. ದಾರಿಯಲ್ಲಿ ಗಾರ್ಡನ್ ನದಿ ದಾಟಿಸಲು ಕಟ್ಟಿದ ಪಾನ್ ದ್ಯು ಗಾರ್ ಎಂಬ ಮೂರಂತಸ್ತಿನ ಕಮಾನು ಸೇತುವೆ ಸುಮಾರು 49 ಮೀಟರ್ ಎತ್ತರವಿದ್ದು, ಇಂದಿಗೂ ನಿಂತಿದೆ. ಇಷ್ಟು ಶುದ್ಧವಾಗಿ ಬಂದ ನೀರು ಊರು ಮುಟ್ಟಿದ ಮೇಲೆ ಸೀಸದ ಪೈಪಿಗೆ ಇಳಿಯುತ್ತಿತ್ತು. ಆ ಪೈಪುಗಳು ಹೊರಡುತ್ತಿದ್ದ ತೂತುಗಳು ನೀಮ್‌ನ ತೊಟ್ಟಿಯ ಗೋಡೆಯಲ್ಲಿ ಈಗಲೂ ಕಾಣುತ್ತವೆ. ಅಂದಹಾಗೆ, ನಾವು ಕರೆಯುವ ‘ಪ್ಲಂಬರ್’ ಹುಟ್ಟಿದ್ದೇ ಸೀಸದ ಲ್ಯಾಟಿನ್ ಹೆಸರಾದ ‘ಪ್ಲಂಬಮ್’ನಿಂದ.

ಅವರಿಗೆ ಅಪಾಯ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕ್ರಿ.ಪೂ. ಮೊದಲ ಶತಮಾನದ ಇಂಜಿನಿಯರ್ ವಿಟ್ರುವಿಯಸ್, ಮಣ್ಣಿನ ಕೊಳವೆಯ ನೀರೇ ಆರೋಗ್ಯಕರ ಎಂದು ಬರೆದಿದ್ದಾನೆ. ಸೀಸದ ಕೆಲಸಗಾರರ ಬಿಳಿಚಿದ ಮುಖ ನೋಡಿ ಎಂದಿದ್ದಾನೆ. ಬೆಳ್ಳಿ ಪಾತ್ರೆ ಇರುವವರೂ ರುಚಿಗೆ ಮಣ್ಣಿನ ಪಾತ್ರೆಯನ್ನೇ ಬಳಸುತ್ತಾರೆ ಎಂದೂ ಸೇರಿಸಿದ್ದಾನೆ. ಯಾರು ಕೇಳಿದರು? ಅಡುಗೆಮನೆಯಲ್ಲಿ ದ್ರಾಕ್ಷಿರಸವನ್ನು ಸೀಸದ ಪಾತ್ರೆಯಲ್ಲೇ ಕುದಿಸಿ ಸಿಹಿ ಪಾಕ ಮಾಡುತ್ತಿದ್ದರು. ಹೆಂಗಸರು ಮುಖ ಬೆಳ್ಳಗಾಗಲೆಂದು ಸೀಸದ ಬಿಳಿಪುಡಿ ಹಚ್ಚುತ್ತಿದ್ದರು.

ಸೀಸದಿಂದಲೇ ರೋಮ್ ಬಿತ್ತು ಎನ್ನುವ ವಾಟ್ಸಾಪ್ ಕಥೆಯನ್ನು ನಾನು ಒಪ್ಪುವುದಿಲ್ಲ. ನೀರು ನಿಲ್ಲದೆ ಹರಿಯುತ್ತಿತ್ತು, ಗಡಸು ನೀರಿನ ಸುಣ್ಣ ಪೈಪಿನೊಳಗೆ ಪದರ ಕಟ್ಟುತ್ತಿತ್ತು. ಹಾಗೆಂದು ಅವರನ್ನು ನೋಡಿ ನಗುವ ಸ್ಥಿತಿಯಲ್ಲೂ ನಾವಿಲ್ಲ. ನಮ್ಮ ದೇಶದ ಎಲ್ಲ ಬಂಕುಗಳಿಗೂ ಸೀಸರಹಿತ ಪೆಟ್ರೋಲ್ ಬಂದದ್ದು 2000ದಲ್ಲಿ. ಅರಿಸಿನಕ್ಕೆ ಸುಣ್ಣ ಬೆರೆಸಿ ಮಾಡುವ ಕುಂಕುಮದ ಮಾತು ಬೇರೆ. ಆದರೆ ಮುಂಬೈ, ದೆಹಲಿಯ ಅಂಗಡಿಗಳಲ್ಲಿ ನಾವು ಕೊಳ್ಳುವ ಸಿಂಧೂರದ ಕೆಂಪು ಸೀಸದ ಆಕ್ಸೈಡಿನದೂ ಆಗಿರಬಹುದು. ಮುಂದಿನ ಸಲ ಡಬ್ಬಿಯ ಲೇಬಲ್ ತಿರುಗಿಸಿ ನೋಡಿ.