ಬಿರಿದ ದಾಳಿಂಬೆ, ಗೂಳಿತಲೆಯ ಮಿನೊಟಾರ್

1917ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಷೆಮಾ ದೆ ದಾಮ್ ರಣರಂಗದಲ್ಲಿ ಆಂದ್ರೆ ಮಾಸೋನ್ ತೀವ್ರವಾಗಿ ಗಾಯಗೊಂಡರು. ಆಗ ಅವರಿಗೆ 21 ವರ್ಷ. ಯುದ್ಧದಲ್ಲಿ ಕಂಡ ಸೈನಿಕನೊಬ್ಬನ ಸೀಳಿದ ತಲೆಬುರುಡೆ ಅವರ ಮನಸ್ಸಿನಲ್ಲಿ ಬಿರಿದ ದಾಳಿಂಬೆಯಾಗಿ ಉಳಿದುಬಿಟ್ಟಿತು. ದಾಳಿಂಬೆ ಬೀಜದಂಥ ಹಲ್ಲು ಎಂದು ಹೊಗಳುವ ನಮಗೆ ಈ ಹೋಲಿಕೆ ನಡುಕ ಹುಟ್ಟಿಸುತ್ತದೆ. ಮುಂದೆ ಅತಿವಾಸ್ತವವಾದಿ ಕಲಾವಿದರಾದ ಮಾಸೋನ್ ಅವರ ಚಿತ್ರಗಳಲ್ಲಿ ಅದೇ ಹಣ್ಣು ಮತ್ತೆ ಮತ್ತೆ ಮೂಡಿತು. ಅಲ್ಲಿ ಅದು ಗಾಯವೂ ಹೌದು, ಬೀಜ ತುಂಬಿದ ಒಡಲೂ ಹೌದು. ಗ್ರೀಕ್ ಪುರಾಣದ ಪರ್ಸೆಫೊನೆ ತಿಂದು ಪಾತಾಳಕ್ಕೆ ಕಟ್ಟುಬಿದ್ದದ್ದೂ ಈ ಹಣ್ಣನ್ನೇ.

ಗೂಳಿಯ ತಲೆ, ಮನುಷ್ಯನ ಮೈ ಹೊತ್ತ ಮಿನೊಟಾರ್, ಮಾಸೋನ್ ಅವರನ್ನು ಬಿಡದೆ ಕಾಡಿದ ಇನ್ನೊಂದು ರೂಪ. 1933ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಕಲಾಪತ್ರಿಕೆಗೆ ಆ ಹೆಸರನ್ನೇ ಸೂಚಿಸಿದವರು ಮಾಸೋನ್ ಮತ್ತು ಲೇಖಕ ಜಾರ್ಜ್ ಬತಾಯ್. ಇದೇ ಜೋಡಿಯ ‘ಸಾಕ್ರಿಫಿಸ್’ (1936) ಸಂಪುಟದಲ್ಲಿ 5 ಎಚಿಂಗ್‌ಗಳಿವೆ. ಸಾಯುವ ದೇವತೆಗಳ ಆ ಸಾಲಿನಲ್ಲಿ ಒಸಿರಿಸ್, ಆರ್ಫಿಯಸ್ ಜೊತೆ ಮಿನೊಟಾರನಿಗೂ ಜಾಗ ಸಿಕ್ಕಿದೆ.

ಎಚಿಂಗ್ ಮೂಡುವುದು ಹೀಗೆ: ಮೇಣ ಬಳಿದ ಲೋಹದ ತಗಡಿನ ಮೇಲೆ ಸೂಜಿಯಿಂದ ಗೀರಿ, ಆಮ್ಲದಲ್ಲಿ ಮುಳುಗಿಸಿದರೆ ಗೀರಿದಲ್ಲಷ್ಟೇ ಲೋಹ ಕರಗುತ್ತದೆ. ಆ ಗೀರುಗಳಿಗೆ ಶಾಯಿ ತುಂಬಿ, ಒದ್ದೆ ಕಾಗದವನ್ನು ಒತ್ತಿದಾಗ ಗೆರೆಗಳು ತುಸು ಉಬ್ಬಿ ಮೂಡುತ್ತವೆ, ಒಣಗಿದ ಗಾಯದ ಕಲೆಯಂತೆ.