ಹುಲಿಯೂ ಮೇಕೆಯೂ ಕುಡಿದ ಚಹಾ

ನಿಮ್ಮೊಳಗಿನ ಪ್ರಾಣಿ ಯಾವುದೆಂದು ಹೇಳಿದರೆ ನಿಮಗೆ ಒಪ್ಪುವ ಚಹಾ ಯಾವುದೆಂದು ಹೇಳುವ ಆಟವೊಂದು ಈಚೆಗೆ ಚಾಲ್ತಿಯಲ್ಲಿದೆ. ತೋಳದವರಿಗೆ ಹೊಗೆ ವಾಸನೆಯ ಕಪ್ಪು ಚಹಾ, ಬೆಕ್ಕಿನವರಿಗೆ ಹಾಲು ಹೆಚ್ಚಿರುವುದು, ಡ್ರ್ಯಾಗನ್ನಿನವರಿಗೆ ಶುಂಠಿ ಮೆಣಸು ಜಜ್ಜಿ ಹಾಕಿದ್ದು. ನಮ್ಮ ಆಫೀಸಿನ ಹುಡುಗ ಹುಡುಗಿಯರು ಮಧ್ಯಾಹ್ನದ ಬಿಡುವಿನಲ್ಲಿ ಇದನ್ನು ಆಡುತ್ತಾರೆ. ನನ್ನ ಪಾಲಿಗೆ ಬಂದದ್ದು ಆಮೆ, ಜೊತೆಗೆ ಸಕ್ಕರೆ ಇಲ್ಲದ ಹಸಿರು ಚಹಾ. ಆಮೆಯ ಬಗ್ಗೆ ನನ್ನದೇನೂ ತಕರಾರಿಲ್ಲ.

ಚಹಾಕ್ಕೆ ಪ್ರಾಣಿಯ ಹೆಸರಿಡುವುದು ಚೀನಾದಲ್ಲಿ ಬಹಳ ಹಳೆಯದು. ವುಲಾಂಗ್ ಎಂದರೆ ಕಪ್ಪು ಡ್ರ್ಯಾಗನ್, ಲಾಂಗ್‌ಜಿಂಗ್ ಎಂದರೆ ಡ್ರ್ಯಾಗನ್ ಬಾವಿ. ಇಂಗ್ಲೆಂಡಿನಲ್ಲಿ ಬ್ರೂಕ್ ಬಾಂಡ್ ಕಂಪನಿ 1950ರ ದಶಕದಿಂದ ಚಹಾ ಪೊಟ್ಟಣದೊಳಗೆ ಹಕ್ಕಿಗಳ, ಕಾಡುಪ್ರಾಣಿಗಳ ಚಿತ್ರದ ಕಾರ್ಡು ಇಟ್ಟು ಮಕ್ಕಳಿಂದ ಸಂಗ್ರಹ ಮಾಡಿಸಿತು. ಕೆನಡಾದ ರೆಡ್ ರೋಸ್ ಚಹಾದವರು 1967ರಿಂದ ಪುಟ್ಟ ಪಿಂಗಾಣಿ ಪ್ರಾಣಿಗಳನ್ನೇ ಇಟ್ಟರು. ನಮ್ಮಲ್ಲಿ ಮಾತ್ರ ಚಹಾಕ್ಕೂ ಪ್ರಾಣಿಗೂ ನಂಟು ಬಿದ್ದದ್ದು ಆಟಕ್ಕಾಗಿ ಅಲ್ಲ. ಓದಲು ಬಾರದವರಿಗೆ ಸಾಮಾನು ಮಾರಬೇಕಾಗಿತ್ತು, ಅದಕ್ಕೆ.

1931ರ ಜನಗಣತಿಯಲ್ಲಿ ಈ ದೇಶದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಉಳಿದವರು ಅಂಗಡಿಗೆ ಹೋಗಿ ಹೆಸರು ಓದಿ ಕೇಳುವಂತಿಲ್ಲ. ಚಿತ್ರ ನೆನಪಿಟ್ಟು ಕೇಳಬೇಕು. ಈ ‘ಛಾಪು’ ಎಷ್ಟು ಬೆಲೆಬಾಳುತ್ತಿತ್ತು ಎನ್ನುವುದಕ್ಕೆ ಚಹಾಕ್ಕಿಂತ ಮೊದಲಿನ ಒಂದು ಮೊಕದ್ದಮೆ ಇದೆ. ಸ್ಕಾಟ್ಲೆಂಡಿನ ಆರ್-ಯೂಯಿಂಗ್ ಕಂಪನಿ ಕೆಂಪು ಬಣ್ಣದ ನೂಲನ್ನು ಮುಂಬಯಿಗೂ ಏಡನ್ನಿಗೂ ಕಳಿಸುತ್ತಿತ್ತು. ಕಟ್ಟಿನ ಮೇಲೆ ಎರಡು ಆನೆಗಳ ಚೀಟಿ. ಕೊಳ್ಳುವವರು ಕಂಪನಿಯ ಹೆಸರನ್ನು ಎಂದೂ ಹೇಳಲಿಲ್ಲ, ‘ಬೇ ಹಾಥಿ’ ಕೊಡಿ ಎನ್ನುತ್ತಿದ್ದರು. ಬೇರೊಂದು ಕಂಪನಿ ತನ್ನದೇ ಹೆಸರು ಅಚ್ಚು ಹಾಕಿಸಿ, ಆದರೆ ತಾನೂ ಎರಡು ಆನೆ ಬರೆಸಿ, ಅದೇ ಪೇಟೆಗೆ ಬಂತು. ಜಗಳ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಗಿ, 1882ರಲ್ಲಿ ತೀರ್ಪು ಮೊದಲಿನವರ ಪರವಾಗಿ ಆಯಿತು. ಅಕ್ಷರ ಬೇರೆ ಇದ್ದರೇನು, ಕೊಳ್ಳುವವನ ಕಣ್ಣಿಗೆ ಬೀಳುವುದು ಆನೆಯೇ ಎಂಬ ವಾದ ಗೆದ್ದಿತು. ನಮ್ಮ ಊರಿನ ಸಂತೆಯಲ್ಲಿ ಬೆಂಕಿಪೊಟ್ಟಣದಿಂದ ಹಿಡಿದು ಬೀಡಿಯವರೆಗೆ ಎಲ್ಲವನ್ನೂ ‘ಇಂಥ ಮಾರ್ಕಿನದು’ ಎಂದು ಕೇಳುತ್ತಿದ್ದ ಅಜ್ಜಂದಿರು ಅದೇ ವಾದದವರು.

ಚಹಾ ಜನಸಾಮಾನ್ಯರ ಮನೆಗೆ ಬಂದದ್ದು ತಡವಾಗಿ. ಅಸ್ಸಾಮಿನ ಎಲೆ 1839ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಆದರೆ ಇಲ್ಲಿಯವರಿಗೇ ಅದನ್ನು ಕುಡಿಯಲು ಕಲಿಸಬೇಕೆಂಬ ಯೋಚನೆ ಬಲವಾದದ್ದು 20ನೆಯ ಶತಮಾನದಲ್ಲಿ. 1903ರಲ್ಲಿ ಚಹಾದ ಮೇಲೆ ಸೆಸ್ ಹಾಕುವ ಕಾನೂನು ಬಂತು; ಆ ಹಣದಿಂದ ಪ್ರಚಾರ ನಡೆಯಿತು. ಗಿರಣಿಗಳಲ್ಲಿ, ಜಾತ್ರೆಗಳಲ್ಲಿ, ರೈಲು ನಿಲ್ದಾಣಗಳಲ್ಲಿ ಚಹಾ ಮಾಡಿ ತೋರಿಸಿ ಕುಡಿಸಿದರು. ನಿಲ್ದಾಣಕ್ಕೆ ಬಂದ ಕೂಡಲೇ ಚಹಾಕ್ಕೂ ನಿಲ್ದಾಣದ ನೀರಿನ ಗತಿಯೇ ಆಯಿತು. ಪ್ಲಾಟ್‌ಫಾರಮ್ಮಿನಲ್ಲಿ ಒಬ್ಬ ‘ಹಿಂದೂ ಚಾಯ್’ ಎಂದು ಕೂಗಿದರೆ ಇನ್ನೊಬ್ಬ ‘ಮುಸಲ್ಮಾನ್ ಚಾಯ್’ ಎನ್ನುತ್ತಿದ್ದ. ಅದೇ ತೋಟದ ಎಲೆ, ಅದೇ ರೈಲು.

ಈ ಹಿನ್ನೆಲೆಯಲ್ಲಿ ನೋಡಿದಾಗ ನನಗೆ ಬಹಳ ವಿಚಿತ್ರವಾಗಿ ಕಾಣುವ ಛಾಪು ಒಂದಿದೆ. ನಾನು ಬಾಡಿಗೆಗಿರುವ ನಾಗಪುರದ ಮಹಾಲ್ ಬಡಾವಣೆಯ ಕಿರಾಣಿ ಅಂಗಡಿಗಳಲ್ಲಿ ಅದು ದಾರಕ್ಕೆ ತೂಗುಬಿದ್ದಿರುತ್ತದೆ: ವಾಘ್ ಬಕರಿ. ಹುಲಿಯೊಂದು, ಮೇಕೆಯೊಂದು, ನಡುವೆ ಒಂದೇ ಕಪ್ಪು. ಕಂಪನಿ ಹೇಳಿಕೊಳ್ಳುವ ಚರಿತ್ರೆ ಹೀಗಿದೆ. ನಾರಣದಾಸ್ ದೇಸಾಯಿ ಎಂಬ ಗುಜರಾತಿ 1892ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಡರ್ಬನ್ನಿನಲ್ಲಿ 500 ಎಕರೆ ಚಹಾ ತೋಟ ಮಾಡಿದರು. ಅಲ್ಲಿನ ವರ್ಣಭೇದದಿಂದ ಬೇಸತ್ತು 1915ರಲ್ಲಿ ಊರಿಗೆ ಮರಳಿದರು. ಬರುವಾಗ ಕೈಯಲ್ಲಿದ್ದದ್ದು ಇವರು ಪ್ರಾಮಾಣಿಕ ವ್ಯಾಪಾರಿ ಎಂದು ಗಾಂಧಿ ಬರೆದುಕೊಟ್ಟ ಪತ್ರ. 1919ರಲ್ಲಿ ಅಹಮದಾಬಾದಿನಲ್ಲಿ ಗುಜರಾತ್ ಟೀ ಡಿಪೊ ತೆರೆದರು. ಹುಲಿ ಮೇಕೆಯ ಗುರುತು ಆಮೇಲೆ ಬಂತು. ಮೇಲು ಕೀಳು ಇಲ್ಲದೆ ಎಲ್ಲರೂ ಒಟ್ಟಿಗೆ ಕುಡಿಯುವುದು ಎಂದು ಅದಕ್ಕೆ ಅರ್ಥ ಹೇಳುತ್ತಾರೆ.

ಚಹಾಕ್ಕಿಂತ ಮೊದಲೇ ವಾಘ್-ಬಕರಿ ಎಂಬುದು ಮರಾಠಿಯಲ್ಲಿ ಒಂದು ಆಟದ ಹೆಸರು. ನಮ್ಮ ಆಡು-ಹುಲಿ ಆಟವೇ. ದೇವಸ್ಥಾನದ ಜಗಲಿ ಕಲ್ಲಿನ ಮೇಲೆ ಗೀರಿದ ಗೆರೆಗಳನ್ನು ನೀವೂ ನೋಡಿರುತ್ತೀರಿ. ಮೂರು ಹುಲಿ, ಹದಿನೈದು ಆಡು. ಹುಲಿ ಆಡನ್ನು ಹಾರಿ ತಿನ್ನಬೇಕು, ಆಡುಗಳು ಸೇರಿಕೊಂಡು ಹುಲಿಯನ್ನು ಅಲುಗದಂತೆ ಕಟ್ಟಬೇಕು. ಒಟ್ಟಿಗೆ ನೀರು ಕುಡಿಯುವ ದಾರಿ ಆ ಆಟದಲ್ಲಿಲ್ಲ.

ಬಲಿಷ್ಠನೂ ದುರ್ಬಲನೂ ಜೊತೆಗಿರುವ ಚಿತ್ರ ನಮ್ಮಲ್ಲಿ ಬೇಕಾದಷ್ಟಿವೆ, ನಿಜ. ಶೃಂಗೇರಿಯಲ್ಲಿ ಹೆರುವ ಕಪ್ಪೆಗೆ ಹಾವು ಹೆಡೆ ಬಿಚ್ಚಿ ನೆರಳು ಕೊಟ್ಟ ಕತೆ ಇದೆ. ಜೈನ ಚಿತ್ರಗಳಲ್ಲಿ ಸಿಂಹವೂ ಹಸುವೂ ಒಂದೇ ತೊಟ್ಟಿಯ ನೀರು ಕುಡಿಯುತ್ತವೆ. ಚಿತ್ರಕಾರ ಅಬುಲ್ ಹಸನ್ ಬರೆದ ಪಟವೊಂದರಲ್ಲಿ ಜಹಾಂಗೀರ ಸಿಂಹದ ಮೇಲೂ ಇರಾನಿನ ಶಾ ಅಬ್ಬಾಸ್ ಕುರಿಯ ಮೇಲೂ ನಿಂತು ಅಪ್ಪಿಕೊಂಡಿದ್ದಾರೆ; ಸಿಂಹ ಮಾತ್ರ ಉಪಾಯವಾಗಿ ಕುರಿಯನ್ನು ಮೆಡಿಟರೇನಿಯನ್ ಸಮುದ್ರದ ಕಡೆಗೆ ತಳ್ಳುತ್ತಿದೆ. ಆದರೆ ಇವುಗಳಲ್ಲೆಲ್ಲ ಸುಮ್ಮನಿರುವಂತೆ ಮಾಡಿದ ಒಬ್ಬ ದೊಡ್ಡವನಿದ್ದಾನೆ: ಪುಣ್ಯಕ್ಷೇತ್ರ, ತೀರ್ಥಂಕರ, ಬಾದಶಹ. ನಮ್ಮ ಗೋವಿನ ಹಾಡಿನಲ್ಲೋ, ಪುಣ್ಯಕೋಟಿ ಮಾತಿಗೆ ತಪ್ಪದೆ ಮರಳಿ ಬಂದಾಗ ಹುಲಿ ತಾನೇ ಹಾರಿ ಪ್ರಾಣ ಬಿಡುತ್ತದೆ. ಹಸು ಉಳಿಯಬೇಕಾದರೆ ಹುಲಿ ಸಾಯಬೇಕು. ಚಿಕ್ಕಂದಿನಲ್ಲಿ ಆ ಹುಲಿಗಾಗಿ ಅತ್ತವರಲ್ಲಿ ನಾನೂ ಒಬ್ಬ. ಚಹಾ ಪೊಟ್ಟಣದ ಹುಲಿಗೆ ಹಾಗೆ ಮಹಾತ್ಮನಾಗುವ ಕಷ್ಟ ಕೊಟ್ಟಿಲ್ಲ. ಅದಕ್ಕೆ ಬಾಯಾರಿದೆ, ಮೇಕೆಗೂ ಬಾಯಾರಿದೆ, ಅಷ್ಟೇ. ನನಗೆ ಅದು ಇಷ್ಟ.

ಇನ್ನು ಮಹಾಲ್ ವಿಷಯ. 18ನೆಯ ಶತಮಾನದ ಆರಂಭದಲ್ಲಿ ಗೊಂಡ ದೊರೆ ಬಖ್ತ್ ಬುಲಂದ್ ಶಾ ಕಟ್ಟಿದ ಊರು ನಾಗಪುರ. ಆಮೇಲೆ ಬಂದ ಭೋಸಲೆಯರ ಅರಮನೆಯಿಂದ ಈ ಬಡಾವಣೆಗೆ ಮಹಾಲ್ ಎಂಬ ಹೆಸರು. ಸಣ್ಣ ಓಣಿಗಳು, ಹಳೆಯ ವಾಡೆಗಳು, ಬೆಳಿಗ್ಗೆ ತರ್ರಿ ಪೋಹೆಯ ಘಾಟು. 1925ರಲ್ಲಿ ಆರೆಸ್ಸೆಸ್ ಹುಟ್ಟಿದ್ದು ಇಲ್ಲಿಯೇ. ಇಲ್ಲಿ ಮನುಷ್ಯರ ಹೆಸರಿನಲ್ಲಿಯೇ ಒಂದು ಕಾಡು ಇದೆ. ವಾಘ್, ವಾಘಮಾರೆ, ಕೋಲ್ಹೆ, ಲಾಂಡಗೆ. ಹುಲಿ, ಹುಲಿ ಹೊಡೆದವನು, ನರಿ, ತೋಳ. ಧಾರವಾಡದ ಕಡೆಯ ಹುಲಿಮನಿ, ಕುದರಿ, ಎತ್ತಿನಮನಿಯವರಿಗೆ ಇದು ಹೊಸದೆನಿಸಲಾರದು. ಇವು ಬರೀ ಹೆಸರಲ್ಲ. ಮರಾಠರಲ್ಲಿ ದೇವಕ, ಗೊಂಡರಲ್ಲಿ ಕುಲದ ಪ್ರಾಣಿ, ಮರ. ನಮ್ಮ ಕುರುಬರಲ್ಲಿ ಆನೆ, ಹುತ್ತ, ಜೀರಿಗೆ ಎಂಬ ಬೆಡಗುಗಳು. ಅದೇ ಗುರುತಿನವರೊಳಗೆ ಮದುವೆ ಇಲ್ಲ, ಆ ಪ್ರಾಣಿಯನ್ನು ತಿನ್ನುವಂತಿಲ್ಲ. ‘ನೀನು ಯಾವ ಪ್ರಾಣಿ’ ಎನ್ನುವುದು ಇಲ್ಲಿ ಆಟದ ಪ್ರಶ್ನೆಯಾಗಿರಲಿಲ್ಲ. ಯಾರ ಮನೆಯಲ್ಲಿ ಹೆಣ್ಣು ತರಬಹುದು, ಯಾರ ಜೊತೆ ಉಣ್ಣಬಹುದು ಎಂಬ ಲೆಕ್ಕದ ಒಂದು ಭಾಗವಾಗಿತ್ತು.

ಆ ಲೆಕ್ಕ ಮುಗಿದಿಲ್ಲ. ಮನೆ ಹುಡುಕುವಾಗ ಪ್ರತಿ ವಾಡೆಯ ಬಾಗಿಲಲ್ಲೂ ಮೊದಲು ಕೇಳಿದ್ದು ‘ಆಡನಾವ ಕಾಯ್?’ ಎಂದೇ. ನನ್ನ ಹೆಸರಿನ ಮುಂದೆ ಎರಡು ಇನಿಶಿಯಲ್ ಬಿಟ್ಟರೆ ಅಡ್ಡಹೆಸರೆಂಬುದೇ ಇಲ್ಲ. ಒಂದು ಊರಿನದು, ಒಂದು ಅಪ್ಪನದು ಎಂದರೆ ಯಾರಿಗೂ ಸಮಾಧಾನವಿಲ್ಲ. ಕೊನೆಗೆ ಮನೆ ಕೊಟ್ಟ ಕಾಕೂ ಚಹಾ ತಂದಿಟ್ಟು, ‘ಮಾಂಸ ತರುತ್ತೀಯೇನಪ್ಪಾ?’ ಎಂದು ಇನ್ನೊಂದು ದಾರಿಯಿಂದ ಅದೇ ಪ್ರಶ್ನೆಗೆ ಬಂದರು. ಹೊರಗಿನಿಂದ ಬಂದು ದುಡಿಯುವ ನಿಮ್ಮಲ್ಲಿ ಬಹಳ ಜನ ಈ ದಾರಿಯನ್ನು ಬಲ್ಲಿರಿ.

ಮಹಾಲಿನಲ್ಲಿ ಪ್ರಾಣಿಗಳು ವರ್ಷಕ್ಕೊಮ್ಮೆ ಬೀದಿಗೂ ಇಳಿಯುತ್ತವೆ. ಶ್ರಾವಣದ ಅಮಾವಾಸ್ಯೆಗೆ ಪೋಳಾ, ಎತ್ತುಗಳ ಹಬ್ಬ. ಮರುದಿನ ತಾನ್ಹಾ ಪೋಳಾ: ಮಕ್ಕಳು ಮರದ ಎತ್ತುಗಳನ್ನು ಸಿಂಗರಿಸಿ ಎಳೆದುಕೊಂಡು ಮನೆಮನೆಗೆ ಹೋಗಿ ಬೋಜಾರಾ ಎಂಬ ಕಾಣಿಕೆ ಕೇಳುತ್ತಾರೆ. ಉತ್ತರ ಕರ್ನಾಟಕದ ಮಣ್ಣೆತ್ತಿನ ಅಮಾವಾಸ್ಯೆಯ ನೆಂಟ ಇದು, ಮಣ್ಣಿನ ಬದಲು ಮರ. ಅದೇ ದಿನ ಮಾರಬತ್ ಮೆರವಣಿಗೆ. ಕಪ್ಪು ಮಾರಬತ್ 1881ರಿಂದ, ಹಳದಿ ಮಾರಬತ್ 1885ರಿಂದ ಹೊರಡುತ್ತಿವೆ ಎನ್ನುತ್ತಾರೆ. ಪೂತನಿಯ ರೂಪದ ಈ ದೈತ್ಯೆಯರ ಮೇಲೆ ಊರಿನ ರೋಗ ರುಜಿನ, ಪೀಡೆಗಳನ್ನೆಲ್ಲ ಹೊರಿಸಿ ಕೊಂಡೊಯ್ದು ಸುಡುತ್ತಾರೆ. ತಾನು ಯಾವ ಪ್ರಾಣಿ ಎನ್ನುವುದರಲ್ಲಿ ಎಷ್ಟೇ ಭೇದವಿರಲಿ, ತಾನು ಯಾವುದು ಅಲ್ಲ ಎನ್ನುವುದರಲ್ಲಿ ಅವತ್ತು ಇಡೀ ಓಣಿ ಒಂದು. ಆ ಒಗ್ಗಟ್ಟನ್ನು ನೋಡುವುದಕ್ಕೆ ಚೆಂದ, ಸ್ವಲ್ಪ ಹೆದರಿಕೆಯೂ ಆಗುತ್ತದೆ. ಹುಲಿಯ ವಿಷಯದಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಮೊಹರಂ ಇನ್ನೂ ಸಡಿಲ. ಅಲ್ಲಿ ಹರಕೆ ಹೊತ್ತ ಹಿಂದೂ ಹುಡುಗ ಹುಲಿಬಣ್ಣ ಬಳಿದುಕೊಂಡು ಅಲಾಯಿ ಮುಂದೆ ಕುಣಿಯುತ್ತಾನೆ. ಮೊಹರಮ್ಮಿನ ಹುಲಿವೇಷವನ್ನು ಜಾಫರ್ ಷರೀಫ್ 1832ರಲ್ಲಿ ಹೊರಬಂದ ತಮ್ಮ ಕಾನೂನ್-ಎ-ಇಸ್ಲಾಂ ಪುಸ್ತಕದಲ್ಲೇ ದಾಖಲಿಸಿದ್ದಾರೆ.

2025ರ ಮಾರ್ಚ್ 17ರಂದು ಔರಂಗಜೇಬನ ಗೋರಿ ತೆಗೆಯಬೇಕೆಂಬ ಪ್ರತಿಭಟನೆ ಮಹಾಲಿನಲ್ಲಿ ನಡೆಯಿತು. ಅದರ ಹಿಂದೆಯೇ ವದಂತಿ ಹಬ್ಬಿ, ರಾತ್ರಿಯ ಹೊತ್ತಿಗೆ ಕಲ್ಲು, ಬೆಂಕಿ. ಗಾಯಗೊಂಡ ಒಬ್ಬರು ಕೆಲವು ದಿನಗಳ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಹಲವು ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ. ಇಂಥದ್ದು ಈ ಓಣಿಗಳಿಗೆ ಮೊದಲ ಸಲವಲ್ಲ, 1927ರ ಸೆಪ್ಟೆಂಬರಿನ ಗಲಭೆಯೂ ಇಲ್ಲಿಯದೇ. ಮನೆಯಲ್ಲಿ ಹಾಲು ಮುಗಿದು ಮೂರು ದಿನ ಕರಿ ಚಹಾ ಕುಡಿದೆವು. ಕರ್ಫ್ಯೂ ಸಡಿಲಿಸಿದಾಗ ಕಿರಾಣಿಯವನು ಅರ್ಧ ಶಟರ್ ಎತ್ತಿ ಕೂತಿದ್ದ. ದಾರಕ್ಕೆ ಕಟ್ಟಿದ ಪೊಟ್ಟಣದಲ್ಲಿ ಹುಲಿ, ಮೇಕೆ ಎಂದಿನಂತೆ ಕುಡಿಯುತ್ತಲೇ ಇದ್ದವು. ಪಕ್ಕದ ಟಪರಿ ತೆರೆಯಲು ಇನ್ನೂ ಒಂದು ದಿನ ಹಿಡಿಯಿತು. ತೆರೆದ ಮೇಲೆ ಅಲ್ಲಿ ಯಾರು ಯಾರ ಪಕ್ಕ ನಿಲ್ಲುತ್ತಿದ್ದರೋ ಅವರೆಲ್ಲ ಒಂದಷ್ಟು ವಾರ ಬೇರೆ ಬೇರೆ ಹೊತ್ತಿಗೆ ಬರತೊಡಗಿದರು. ಯಾರೂ ಹೇಳಿ ಮಾಡಿದ್ದಲ್ಲ ಅದು.

ಪೊಟ್ಟಣದ ಚಿತ್ರಕ್ಕೂ ಅಂಗಡಿಯ ಲೋಟಕ್ಕೂ ಇರುವ ದೂರ ಇದು. ಹಳ್ಳಿಗಳ ಹೋಟೆಲಿನಲ್ಲಿ ದಲಿತರಿಗೆ ಬೇರೆ ಲೋಟ, ಅದನ್ನು ಅವರೇ ತೊಳೆದು ಹೊರಗಿನ ಗೂಟಕ್ಕೋ ಗೂಡಿಗೋ ಇಡಬೇಕೆಂಬ ಪದ್ಧತಿ ಕರ್ನಾಟಕದಲ್ಲೂ ಇತ್ತು, ಕೆಲವು ಕಡೆ ಇದೆ ಎಂಬ ವರದಿಗಳು ಈಗಲೂ ಬರುತ್ತವೆ. ಅಸ್ಪೃಶ್ಯತೆಯ ಅಪರಾಧಗಳ 1955ರ ಕಾಯ್ದೆಯಲ್ಲಿ ಹೋಟೆಲುಗಳ ಪಾತ್ರೆ ಪಗಡಿಯ ಬಳಕೆಯನ್ನು ತಡೆಯುವುದು ಅಪರಾಧ ಎಂದು ಬಿಡಿಸಿ ಬರೆಯಬೇಕಾಯಿತು. ದೇಶದ ಶಾಸನಸಭೆ ಕೂತು ಲೋಟದ ಬಗ್ಗೆ ಬರೆಯಿತು ಎನ್ನುವುದನ್ನು ಸ್ವಲ್ಪ ಯೋಚಿಸಿ. ನನ್ನ ಅನುಮಾನ ಏನೆಂದರೆ, ಕಾನೂನಿಗಿಂತ ಹೆಚ್ಚಾಗಿ ಎರಡು ಲೋಟವನ್ನು ಮುಗಿಸಿದ್ದು ಎಸೆಯುವ ಕಾಗದದ ಲೋಟ. ಮುಗಿಸಿತೋ, ಪ್ರಶ್ನೆಯನ್ನೇ ತಪ್ಪಿಸಿತೋ!

ಆ ಕಾಯ್ದೆಯ ಮರುವರ್ಷ, 1956ರ ಅಕ್ಟೋಬರ್ 14ರಂದು, ಇದೇ ನಾಗಪುರದಲ್ಲಿ ಅಂಬೇಡ್ಕರ್ ಲಕ್ಷಾಂತರ ಜನರೊಂದಿಗೆ ಬೌದ್ಧರಾದರು. ನಾಗಪುರವೇ ಏಕೆ ಎಂದು ಕೇಳಿದವರಿಗೆ ಮರುದಿನದ ಭಾಷಣದಲ್ಲಿ ಉತ್ತರ ಕೊಟ್ಟರು. ಆರೆಸ್ಸೆಸ್ ಇಲ್ಲಿದೆ ಎಂದು ಹಟಕ್ಕೆ ಆರಿಸಿಕೊಂಡದ್ದಲ್ಲ. ಬೌದ್ಧಧರ್ಮವನ್ನು ಹರಡಿದವರು ನಾಗ ಜನ, ಅವರು ನೆಲೆಸಿದ್ದ ಊರು ಇದು, ಇಲ್ಲಿ ಹರಿಯುವ ನದಿಯ ಹೆಸರೂ ನಾಗ ಎಂದರು. ಊರಿನ ಹೆಸರಿನಲ್ಲಿ ಅಡಗಿದ್ದ ಒಂದು ಪುರಾಣದ ಜೀವಿಯನ್ನು ಎತ್ತಿ, ಇದು ನಿಮ್ಮ ಪೂರ್ವಿಕರ ಗುರುತು ಎಂದು ಕೈಗಿಟ್ಟರು. ಯಾರೋ ಕೊಟ್ಟ ಜಾತಿಯ ಹೆಸರಿನ ಜಾಗದಲ್ಲಿ ತಾವೇ ಆರಿಸಿಕೊಂಡ ಹೆಸರು. ಆಫೀಸಿನ ಆಟದಲ್ಲಿ ಡ್ರ್ಯಾಗನ್ ಆದ ಹುಡುಗಿಯ ಆಡನಾವ ನಾಗದೇವೆ. ಅದನ್ನು ಅವಳು ನೆನಪು ಮಾಡಿದ ಮೇಲೆಯೇ ನನಗೆ ಈ ಬರಹದ ಯೋಚನೆ ಬಂದದ್ದು.

ನಾಗರಪಂಚಮಿಗೆ ಹಾಲೆರೆಯುವ ದೇಶದಲ್ಲಿ, ಹಾಲಿಲ್ಲದೆ ಚಹಾ ಕುಡಿಯದ ದೇಶದಲ್ಲಿ, ನಾಗನ ಛಾಪಿನ ಚಹಾ ಪೊಟ್ಟಣವನ್ನು ನಾನು ಈವರೆಗೆ ಕಂಡಿಲ್ಲ. ಹೆಡೆಯ ಚಿತ್ರವಿರುವ ಪೊಟ್ಟಣದಿಂದ ಯಾರು ತಾನೇ ಏನನ್ನಾದರೂ ಕುಡಿದಾರು ಎಂದು ವ್ಯಾಪಾರಿಗಳು ಅಂದುಕೊಂಡಿರಬಹುದು. ನಮ್ಮ ಗಂಡಭೇರುಂಡ ಸರ್ಕಾರದ ಮುದ್ರೆಗೆ ಹೋಯಿತು, ಆನೆಯ ತಲೆ ಸಿಂಹದ ಮೈಯ ಶರಭ ಮೈಸೂರು ಸ್ಯಾಂಡಲ್ ಸೋಪಿಗೆ. ಚಹಾಕ್ಕೆ ಯಾವುದೂ ಇಳಿಯಲಿಲ್ಲ.

ಅಶೋಕ ವಿಜಯದಶಮಿಗೆ ದೀಕ್ಷಾಭೂಮಿಗೆ ಬರುವವರಿಗಾಗಿ ದಾರಿಯುದ್ದಕ್ಕೂ ಜನ ಟೇಬಲ್ ಹಾಕಿ ಊಟ, ನೀರು, ಚಹಾ ಹಂಚುತ್ತಾರೆ. ಕಳೆದ ವರ್ಷ ನಾನೂ ಹೋಗಿದ್ದೆ. ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿದ್ದದ್ದು ಇತವಾರಿ ಸಗಟು ಪೇಟೆಯ ಬಿಡಿ ಡಸ್ಟ್ ಚಹಾ. ಅಂಥ ಚೀಲದ ಮೇಲೆ ತೋಟದ ಹೆಸರು, ದರ್ಜೆ ಬಿಟ್ಟರೆ ಚಿತ್ರವಿರುವುದಿಲ್ಲ. ಲೋಟ ಚಾಚಿದ ಹುಡುಗ ನನ್ನ ಮರಾಠಿ ಕೇಳಿ ‘ಎಲ್ಲಿಯವರು?’ ಎಂದ. ಕರ್ನಾಟಕ ಎಂದೆ. ಕಲಬುರಗಿಯಿಂದ ಬಂದ ಒಂದು ಬಸ್ ಆಗಲೇ ಊಟ ಮುಗಿಸಿ ಹೋಯಿತು, ನೀವು ತಡ ಎಂದು ನಕ್ಕು, ಸಕ್ಕರೆ ಸಾಕೇ ಎಂದು ಕೇಳಿದ.